ಮಿಕ್ಕ ಅನ್ನದ ಲೆಕ್ಕ

ಬನಶಂಕರಿಯ ನಮ್ಮ ಬೀದಿಗೆ ಬೆಳಗಾದೊಡನೆ ಕಸದ ಗಾಡಿ ಬರುತ್ತದೆ. ಹಸಿ ಕಸದ ಬುಟ್ಟಿಗಳಲ್ಲಿ ತರಕಾರಿಯ ಸಿಪ್ಪೆಯೊಡನೆ ಹಿಂದಿನ ರಾತ್ರಿಯ ಅನ್ನವೂ ಬಿದ್ದಿರುವುದುಂಟು. 2022ರಲ್ಲಿ ಲೋಕದಲ್ಲೆಲ್ಲ ಪೋಲಾದ ಆಹಾರ ಸುಮಾರು 105 ಕೋಟಿ ಟನ್ನೆಂದೂ, ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಿಂದಲೇ ಎಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರ 2024ರ ವರದಿ ಹೇಳುತ್ತದೆ. ಮದುವೆಮನೆಗಳನ್ನೂ ಹೋಟೆಲುಗಳನ್ನೂ ದೂಷಿಸಿ ಸುಮ್ಮನಾಗುವ ಗೃಹಸ್ಥರು ಇದನ್ನು ಗಮನಿಸತಕ್ಕದ್ದು.

ಅಕ್ಕಿಯನ್ನು ಕಡಮೆ ಹಾಕಬೇಕು, ಸರಿಯೆ. ಎಷ್ಟು ಕಡಮೆ ಎಂಬಲ್ಲಿ ಭಿನ್ನರಾಶಿ ಬೇಕಾಗುತ್ತದೆ. ಒಂದು ಮನೆಯಲ್ಲಿ ದಿನಕ್ಕೆ ಒಂದು ಸೇರು, ಎಂದರೆ ನಾಲ್ಕು ಪಾವು, ಅಕ್ಕಿಯನ್ನು ಬೆಳಗ್ಗೆಯೇ ಬೇಯಿಸುವರೆಂದಿಟ್ಟುಕೊಳ್ಳೋಣ. (ಅಂಗಡಿಯಲ್ಲಿ ಕಿಲೋಗ್ರಾಮು ಬಂದು ಬಹುಕಾಲವಾದರೂ ಅನೇಕರ ಅಕ್ಕಿಯ ಡಬ್ಬಿಯಿಂದ ಪಾವು ಇನ್ನೂ ಹೊರಟಿಲ್ಲ.) ಮಧ್ಯಾಹ್ನ ಅನ್ನದ ಅರ್ಧ ತೀರಿತು, ರಾತ್ರಿ ಉಳಿದುದರಲ್ಲಿ ಮೂರರಲ್ಲೆರಡು ಪಾಲು ತೀರಿತು. ಯಜಮಾನನು ಪಾತ್ರೆಯನ್ನು ನೋಡಿ, "ಮೂರರಲ್ಲೊಂದು ಪಾಲು ಮಿಕ್ಕಿದೆ, ನಾಳೆ ಅಕ್ಕಿಯನ್ನೂ ಅಷ್ಟು ಕಡಮೆ ಮಾಡಿ" ಎನ್ನುತ್ತಾನೆ. ಆತನು ಕಂಡದ್ದು ರಾತ್ರಿಯ ಅನ್ನದಲ್ಲಿ ಮೂರನೆಯ ಪಾಲು. ಅರ್ಧದ ಮೂರನೆಯ ಪಾಲು ಇಡಿಯದಕ್ಕೆ ಆರನೆಯ ಪಾಲಷ್ಟೆ. ಆತನ ಮಾತಿನಂತೆ ನಡೆದರೆ ಮರುದಿನ ಸೇರಿನ ಆರನೆಯ ಪಾಲು ಕೊರತೆಯಾಗುವುದು. ಆ ಕೊರತೆ ಯಾರ ಎಲೆಗೆ ಬೀಳುತ್ತದೆ? ಎಲ್ಲರಿಗೂ ಬಡಿಸಿ ಕಡೆಗೆ ಕೂಡುವಾಕೆಯ ಎಲೆಗೆ.

ಈ ಭೇದ ನಮ್ಮ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇಡಿಯ ರಾಶಿಯಿಂದ ಅಂಶಗಳನ್ನು ಕಳೆಯುವ ಲೆಕ್ಕಕ್ಕೆ ಭಾಗಜಾತಿಯೆಂದೂ, ಉಳಿದುದರಿಂದ ಮತ್ತೆ ಮತ್ತೆ ಕಳೆಯುವುದಕ್ಕೆ ಶೇಷಜಾತಿಯೆಂದೂ ಹೆಸರು. ಯಜಮಾನನು ಶೇಷಜಾತಿಯ ಅಂಶವನ್ನು ಭಾಗಜಾತಿಗೆ ಹಚ್ಚಿದ್ದಾನೆ.

ಇನ್ನೊಂದು ತೊಡಕು ಅನ್ನವು ಅರಳುವುದು. ಮಿಕ್ಕ ಅನ್ನವನ್ನು ಪಾವಿನಲ್ಲಿ ಅಳೆದರೆ ಎರಡು ಪಾವು ಬಂದೀತು. ಅರ್ಧ ಸೇರು ಅಕ್ಕಿ ಹಾಳಾಯಿತೆಂದು ಗಾಬರಿಗೊಳ್ಳಬೇಕಾಗಿಲ್ಲ. ನಾಲ್ಕು ಪಾವಿನ ಅಕ್ಕಿ ಬೆಂದು ಹನ್ನೆರಡು ಪಾವು ಅನ್ನವಾಗಿದ್ದರೆ, ಎರಡು ಪಾವು ಅದರ ಆರನೆಯ ಪಾಲು. ಅಕ್ಕಿಯ ಲೆಕ್ಕದಲ್ಲಿ ಮುಕ್ಕಾಲು ಪಾವಿಗೂ ಕಡಮೆ. ಹಳೆಯ ಅಕ್ಕಿ ಹೆಚ್ಚು ಅರಳುತ್ತದೆ, ಹೊಸತು ಕಡಮೆ. ಆದಕಾರಣ ಅನ್ನವನ್ನು ಅನ್ನದೊಡನೆಯೇ ಹೋಲಿಸಿ ಅಂಶವನ್ನು ಹಿಡಿದು, ಆಮೇಲೆ ಅಕ್ಕಿಗೆ ಅನ್ವಯಿಸತಕ್ಕದ್ದು. ಈ ಮನೆಗೆ ಮೂರು ಪಾವು, ಮೇಲೆ ಪಾವಿನ ಮೂರನೆಯ ಒಂದು ಪಾಲು ಸಾಕು: ಚಟಾಕಿಗೆ ತುಸು ಹೆಚ್ಚು, ಅರೆಪಾವಿಗೆ ಕಡಮೆ. ಒಂದೇ ದಿನವನ್ನು ನೆಚ್ಚದೆ ಒಂದು ವಾರ ಬರೆದಿಡುವುದು ಲೇಸು. ನೆಂಟರು ಬಂದ ದಿನವನ್ನು ಬಿಡಬಹುದು.

ಕೆಲವು ಮನೆಗಳಲ್ಲಿ ಏನೂ ಮಿಗುವುದಿಲ್ಲವೆಂದು ಹೆಮ್ಮೆಯುಂಟು. ಅಲ್ಲಿ ತಂಗಳನ್ನು ಮರುದಿನ ಗೃಹಿಣಿಯೊಬ್ಬಳೇ ಮಜ್ಜಿಗೆ ಕಲಸಿ ಮುಗಿಸುತ್ತಿದ್ದರೆ ಅದನ್ನೂ ಶೇಷದಲ್ಲಿ ಬರೆಯಬೇಕು. ಬೆಚ್ಚಗೆ ಬಹಳ ಹೊತ್ತು ಬಿಟ್ಟ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷವು ಮತ್ತೆ ಕಾಯಿಸಿದರೂ ಹೋಗದು. ಉಳಿಸುವುದಾದರೆ ಊಟವಾದೊಡನೆ ಹರವಿ ಆರಿಸಿ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಚಿತ್ರಾನ್ನವನ್ನು ಮಾಡಿ ಎಲ್ಲರ ತಟ್ಟೆಗೂ ಸಮಭಾಗವಾಗಿ ಬಡಿಸಲಿ.