ಅಧ್ಯಕ್ಷರ ನಿರ್ಧಾರವನ್ನು ಮೂರು ಅಂಕಣಗಳಲ್ಲಿ ಕಲಿಸುವುದು: ಕ್ಲಿಂಟನ್ ನಿರ್ಬಂಧ ಮತ್ತು ತೇಜಸ್

ಭಾರತ–ಅಮೆರಿಕ ಸಂಬಂಧದ ಬಗ್ಗೆ ಕೇಳಿದರೆ ಪ್ರೌಢಶಾಲೆಯ ಮಕ್ಕಳು ‘ಚೆನ್ನಾಗಿತ್ತು’, ‘ಹದಗೆಟ್ಟಿತು’ ಎಂದು ಬರೆದು ಮುಗಿಸುತ್ತಾರೆ. ಒಬ್ಬ ಅಧ್ಯಕ್ಷರ ನಿರ್ಧಾರ ಹೇಗೆ ರೂಪುಗೊಳ್ಳುತ್ತದೆ, ಯಾರನ್ನು ತಟ್ಟುತ್ತದೆ ಎಂಬುದು ಆ ಉತ್ತರದಲ್ಲಿ ಬರುವುದಿಲ್ಲ. ಹಲಸೂರಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ, ಭೌತವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನಾನು ಸಮಾಜ ವಿಜ್ಞಾನದ ಸಹಪಾಠಿಯೊಡನೆ ಸೇರಿ ಇದನ್ನು ತೇಜಸ್ ವಿಮಾನದ ಮೂಲಕ ಕಲಿಸಲು ಯತ್ನಿಸಿದೆ. ಅದು ತಯಾರಾಗುವ ಎಚ್‌ಎಎಲ್ ಈ ಮಕ್ಕಳಿಗೆ ದೂರದ ಊರಲ್ಲ.

ಹಿನ್ನೆಲೆ

1998ರ ಮೇ 11 ಮತ್ತು 13ರಂದು ಭಾರತ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ನಡೆಸಿತು. 13ರಂದೇ, ಜರ್ಮನಿಯಲ್ಲಿದ್ದ ಅಧ್ಯಕ್ಷ ಬಿಲ್ ಕ್ಲಿಂಟನ್ ನಿರ್ಬಂಧ ಘೋಷಿಸಿದರು. ಮುಂದೆ ತೇಜಸ್ ಎಂಬ ಹೆಸರು ಪಡೆದ ಹಗುರ ಯುದ್ಧ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗೆ ಆಗ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿ ನೆರವಾಗುತ್ತಿತ್ತು. ಆ ನೆರವು ನಿಂತಿತು. ಅಲ್ಲಿದ್ದ ನಮ್ಮ ಎಂಜಿನಿಯರುಗಳು ಮರಳಬೇಕಾಯಿತು.

ಚಟುವಟಿಕೆ

ಇದು ಎಷ್ಟು ದೊಡ್ಡ ಪೆಟ್ಟು ಎಂದು ತಿಳಿಯಲು ಒಂದು ಅಡಿಕೋಲು ಸಾಕು. ಬೆರಳ ತುದಿಯ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಲು ಹೇಳಿದೆ. ನಂತರ ಕಣ್ಣು ಮುಚ್ಚಿಸಿದೆ, ಕೋಲು ಬಿತ್ತು. ಚುರುಕಾಗಿ ತಿರುಗಲೆಂದು ತೇಜಸ್ಸನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸಗೊಳಿಸಲಾಗಿದೆ. ಕಂಪ್ಯೂಟರ್ ಕ್ಷಣಕ್ಷಣವೂ ವಾಲುವಿಕೆಯನ್ನು ಅಳೆದು ತಿದ್ದದಿದ್ದರೆ ಅದು ಹಾರಲಾರದು.

ಕಪ್ಪುಹಲಗೆಯ ಮೂರು ಅಂಕಣಗಳು

ಕಾನೂನು ಹೇಳಿದ್ದು: ಅಣು ಪರೀಕ್ಷೆ ನಡೆಸಿದ ದೇಶದ ಮೇಲೆ ನಿರ್ಬಂಧ ಹೇರಲೇಬೇಕೆಂದು 1994ರ ಗ್ಲೆನ್ ತಿದ್ದುಪಡಿ ವಿಧಿಸಿತ್ತು. ಅದರ ಹಿಂದಿದ್ದ ಸೆನೆಟರ್ ಜಾನ್ ಗ್ಲೆನ್, 1962ರಲ್ಲಿ ಭೂಮಿಯನ್ನು ಸುತ್ತಿದ ಗಗನಯಾತ್ರಿಯೇ.

ಅಧ್ಯಕ್ಷರು ಆರಿಸಿದ್ದು: ಸಡಿಲಿಸುವ ಅಧಿಕಾರವನ್ನು ಕಾಂಗ್ರೆಸ್ ಕೊಟ್ಟ ಮೇಲೆ, 1998ರ ನವೆಂಬರ್‌ನಲ್ಲಿ ಕ್ಲಿಂಟನ್ ಕೆಲವು ಆರ್ಥಿಕ ನಿರ್ಬಂಧಗಳನ್ನು ತೆಗೆದರು. ಆದರೆ ಅದೇ ತಿಂಗಳು ರಫ್ತು ನಿರ್ಬಂಧದ ಪಟ್ಟಿಗೆ ಎಚ್‌ಎಎಲ್ ಸೇರಿತು. ಜೊತೆಜೊತೆಗೇ ಜಸ್ವಂತ್ ಸಿಂಗ್–ಸ್ಟ್ರೋಬ್ ಟಾಲ್ಬಟ್ ಮಾತುಕತೆ ನಡೆಯಿತು. 2000ದ ಮಾರ್ಚ್‌ನಲ್ಲಿ ಕ್ಲಿಂಟನ್ ಭಾರತಕ್ಕೆ ಬಂದರು.

ಬೆಂಗಳೂರು ಮಾಡಿದ್ದು: ನಿಯಂತ್ರಣ ವ್ಯವಸ್ಥೆಯ ಕೆಲಸವನ್ನು ಇಲ್ಲಿಯ ವಿಜ್ಞಾನಿಗಳೇ ಮುಂದುವರಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಅಧ್ಯಕ್ಷ ಜಾರ್ಜ್ ಬುಷ್ ನಿರ್ಬಂಧ ತೆಗೆದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ.

ಮಕ್ಕಳ ಪ್ರಶ್ನೆ

‘ಹಾಗಾದರೆ ನಿರ್ಬಂಧದಿಂದ ಒಳ್ಳೆಯದೇ ಆಯ್ತಲ್ಲ ಮಿಸ್?’ ಎಂದು ಒಬ್ಬಳು ಕೇಳಿದಳು. ತರಗತಿ ಚಪ್ಪಾಳೆಗೆ ಸಿದ್ಧವಾಗಿತ್ತು. ಅಂದು ಹಾರಿದ ವಿಮಾನದಲ್ಲಿದ್ದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್ ಎಂಬ ಸಂಗತಿಯನ್ನು ಆಗ ಮುಂದಿಟ್ಟೆ. ಕೈಕೊಟ್ಟ ದೇಶದ ಎಂಜಿನ್, ನಾವೇ ಕಲಿತ ನಿಯಂತ್ರಣ: ಎರಡೂ ಒಂದೇ ವಿಮಾನದಲ್ಲಿದ್ದವು. ‘ಅಮೆರಿಕ ಕೆಟ್ಟದ್ದು’, ‘ನಮಗೆ ಯಾರೂ ಬೇಡ’ ಎಂಬ ಎರಡು ಸುಲಭ ಉತ್ತರಗಳೂ ಅಲ್ಲಿಗೆ ನಿಂತವು.

ವಿದೇಶಾಂಗ ನೀತಿ ಕಲಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ನಾಯಕರನ್ನು ಹೊಗಳುವ ಅಥವಾ ತೆಗಳುವ ಮೊದಲು ಮೂರು ಅಂಕಣಗಳನ್ನು ತುಂಬಿಸಿ. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ‘ಕ್ಲಿಂಟನ್ ಅವರಿಗೆ ಬೇರೆ ದಾರಿ ಎಲ್ಲಿತ್ತು, ಎಲ್ಲಿ ಇರಲಿಲ್ಲ?’