ಬಾಲ ಹಿಡಿದರೆ ಮೈ ತಿರುಗಿತು

ಟ್ರಾನ್ಸ್‌ಫಾರ್ಮರ್ ರಿಪೇರಿಯಾಗಿ ಕರೆಂಟು ಬಂದ ದಿನ, ಗುಬ್ಬಿಯ ತೆಂಗಿನ ತೋಟದಲ್ಲಿ ಚಿಕ್ಕಪ್ಪ ಸ್ಟಾರ್ಟರ್ ಒತ್ತಿದರು. ಮೋಟರು ಗುಂಯ್ ಅಂದಿತು. ಪೈಪಿನ ಬಾಯಲ್ಲಿ ನೀರು ಬೆರಳು ಗಾತ್ರ. "ಫೇಸ್ ಉಲ್ಟಾ ಆಗೈತೆ ಕಣಮ್ಮ" ಎನ್ನುತ್ತಾ ಫ್ಯೂಸು ಕಿತ್ತು, ಮೂರು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದರು. ನೀರು ನುಗ್ಗಿತು. ತುಮಕೂರಿನಲ್ಲಿ ಬ್ಯಾಕ್ಟೀರಿಯಾದ ಪಾಠ ಮಾಡುವಾಗಲೆಲ್ಲ ನನಗೆ ಆ ತೋಟವೇ ಕಣ್ಣ ಮುಂದೆ ಬರುತ್ತದೆ.

ಮೆಣಸು ನೆನೆಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಓಡಾಡುವುದನ್ನು ಲೀವೆನ್‌ಹುಕ್ 1676ರಲ್ಲೇ ಕಂಡಿದ್ದ. ಹೇಗೆ ಈಜುತ್ತವೆ ಎಂಬುದು ಮಾತ್ರ ಸುಮಾರು 300 ವರ್ಷ ಬಗೆಹರಿಯಲಿಲ್ಲ. ಅವುಗಳ ಕಶಾಂಗ, ಅಂದರೆ ಮೈಯಿಂದ ಹೊರಚಾಚಿದ ತೆಳು ಎಳೆ, ಮೀನಿನ ಬಾಲದಂತೆ ಬಳುಕುತ್ತದೆ ಎಂದೇ ಬಹಳ ಮಂದಿ ನಂಬಿದ್ದರು.

1972ರಲ್ಲಿ ಹೋವರ್ಡ್ ಬರ್ಗ್ ಮತ್ತು ಡಗ್ಲಾಸ್ ಬ್ರೌನ್, ಈಜುವ ಇ. ಕೊಲೈ ಬ್ಯಾಕ್ಟೀರಿಯಾ ಒಂದರ ಬೆನ್ನು ಹತ್ತುವ ಸೂಕ್ಷ್ಮದರ್ಶಕ ಬಳಸಿ ಅದರ ಜಾಡು ಬರೆದುಕೊಂಡರು. ಸುಮಾರು ಒಂದು ಸೆಕೆಂಡು ನೇರ ಓಟ, ಕ್ಷಣಮಾತ್ರ ತಡಬಡ, ಮತ್ತೆ ಹೊಸ ದಿಕ್ಕಿಗೆ ಓಟ. ಕಶಾಂಗ ಬಳುಕುವುದಿಲ್ಲ, ಬುಡದಿಂದಲೇ ತಿರುಗುತ್ತದೆ ಎಂದು ಮರುವರ್ಷ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ ವಾದಿಸಿದರು. ಆದರೆ ಅಷ್ಟು ತೆಳುವಾದ ಎಳೆ ತಿರುಗುವುದನ್ನು ಕಣ್ಣಿಗೆ ತೋರಿಸುವುದು ಹೇಗೆ?

1974ರಲ್ಲಿ ಮೈಕಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಮಾಡಿದ್ದು ನನಗೆ ಈಗಲೂ ಅಚ್ಚರಿ. ಪ್ರತಿಕಾಯವನ್ನೇ ಅಂಟಾಗಿ ಬಳಸಿ ಕಶಾಂಗವನ್ನು ಗಾಜಿಗೆ ಕಚ್ಚಿಸಿದರು. ಬಾಲ ಅಲ್ಲಾಡದಂತೆ ಹಿಡಿದದ್ದೇ ತಡ, ಇಡೀ ಮೈ ಗಿರಗಿರ ಸುತ್ತತೊಡಗಿತು. ತಿರುಗುವುದನ್ನು ಕಾಣಲು ತಿರುಗುವುದನ್ನೇ ತಡೆದು ನಿಲ್ಲಿಸಬೇಕೆಂದು ಹೊಳೆಯುವುದು ಸಾಮಾನ್ಯವೇ!

ಅದೇ ವರ್ಷ ಜೂಲಿಯಸ್ ಆಡ್ಲರ್ ತಂಡ ಹೀಗೆ ಅಂಟಿಸಿದ ಬ್ಯಾಕ್ಟೀರಿಯಾಕ್ಕೆ ಇಷ್ಟದ ರಾಸಾಯನಿಕ ಕೊಟ್ಟು ನೋಡಿತು. ಕಶಾಂಗದ ಬುಡದ ಮೋಟರು ಅಪ್ರದಕ್ಷಿಣೆ ಹಾಕಿತು. ಈಜುವಾಗಲಾದರೆ ಆಗ ಎಳೆಗಳೆಲ್ಲ ಜಡೆಯಂತೆ ಕೂಡಿಕೊಂಡು ಮೈಯನ್ನು ಮುಂದೆ ತಳ್ಳುತ್ತವೆ. ಸೇರದ ವಸ್ತು ಕೊಟ್ಟರೆ ಪ್ರದಕ್ಷಿಣೆ: ಜಡೆ ಬಿಚ್ಚುತ್ತದೆ, ಮೈ ತಡಬಡಿಸುತ್ತದೆ. ತೋಟದಲ್ಲಿ ಉಲ್ಟಾ ಸುತ್ತುವುದು ತೊಂದರೆ. ಇಲ್ಲಿ ಅದೇ ಸ್ಟೀರಿಂಗು.

2016ರಲ್ಲಿ ಬೆಂಗಳೂರಿನ ವಿಜ್ಞಾನಿಗಳಾದ ಎ. ಕೆ. ಸೂದ್, ರಾಜೇಶ್ ಗಣಪತಿ ಮತ್ತು ಸಂಗಡಿಗರು ಈ ಈಜಾಟದ ನೂಕುನುಗ್ಗಲನ್ನೇ ಬಳಸಿ, ಲೇಸರ್ ಬೆಳಕಲ್ಲಿ ಹಿಡಿದಿಟ್ಟ ಸೂಕ್ಷ್ಮ ಮಣಿಯೊಂದರಿಂದ ಎಂಜಿನ್ ನಡೆಸಿದರು.

ಕುಣಿಗಲ್ ದೊಡ್ಡಕೆರೆಯ ನೀರಿಗೆ ಒಣಹುಲ್ಲು ಹಾಕಿ ಎರಡು ದಿನ ಬಿಟ್ಟು, ಒಂದು ಹನಿಯನ್ನು ಮಕ್ಕಳಿಗೆ ತೋರಿಸುತ್ತೇನೆ. ಒಮ್ಮೊಮ್ಮೆ ಒಂದು ಜೀವಿ ತಾನಾಗಿಯೇ ಬಾಲದಿಂದ ಗಾಜಿಗೆ ಅಂಟಿರುತ್ತದೆ. ಸುತ್ತುತ್ತದೆ, ಗಕ್ಕನೆ ನಿಲ್ಲುತ್ತದೆ, ಉಲ್ಟಾ ಸುತ್ತುತ್ತದೆ. ಮೊನ್ನೆ ಹುಡುಗಿಯೊಬ್ಬಳು ಬೆಲ್ ಹೊಡೆದರೂ ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ.