ಹರಿಗೋಲಿನ ನಾಡಿಗೆ ಹಾಯಿದೋಣಿ ಬಂದೀತೇ?

ಬಾಗಲಕೋಟೆ: ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ ನದಿಯಿಲ್ಲ. ಆದರೆ ಆ ಪಟ್ಟಣವನ್ನು ಹಾಯ್ದು ಹೋಗುವ ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟವರಿಗೆ ಕೊಣ್ಣೂರಿನ ಬಳಿ ಮಲಪ್ರಭಾ ಎದುರಾಗುತ್ತದೆ; ಉತ್ತರಕ್ಕೆ ಹೊರಟವರಿಗೆ ಅನಗವಾಡಿಯಲ್ಲಿ ಘಟಪ್ರಭಾ, ಮುಂದೆ ಕೊಲ್ಹಾರದಲ್ಲಿ ಕೃಷ್ಣಾ. ಮಳೆಗಾಲ ಮುಗಿಯುವ ಹೊತ್ತಿಗೆ ಅನಗವಾಡಿಯ ಸೇತುವೆಯ ಮೇಲಿಂದ ಬಸ್ಸಿನ ಕಿಟಕಿಯಲ್ಲಿ ಇಣುಕಿದವರಿಗೆ ಕಾಣುವುದು ನದಿಯಲ್ಲ, ಆಲಮಟ್ಟಿಯ ಹಿನ್ನೀರು. ಕಣ್ಣು ಹಾಯುವಷ್ಟು ದೂರಕ್ಕೂ ನೀರೇ ನೀರು. ಅದರ ಮೇಲೆ ತೇಲುವುದು ಮೀನುಗಾರರ ತೆಪ್ಪ, ಹರಿಗೋಲುಗಳೇ ಹೊರತು ಹಾಯಿದೋಣಿಯಲ್ಲ.

ಲೋಕದ ಅನೇಕ ನಗರಗಳಲ್ಲಿ ನದಿಯ ಮೇಲೆ ಹಾಯಿದೋಣಿಯಲ್ಲಿ ಕುಳಿತು ಊರನ್ನು ನೋಡುವುದು ಪ್ರವಾಸಿಗರ ದಿನಚರಿಯ ಭಾಗವೇ ಆಗಿದೆ. ಈಜಿಪ್ಟಿನ ಲಕ್ಸರ್ ಮತ್ತು ಆಸ್ವಾನ್ ನಗರಗಳಲ್ಲಿ ನೈಲ್ ನದಿಯ ಮೇಲೆ ಸಂಜೆಯ ಹೊತ್ತು ತೇಲುವ ಫೆಲುಕ್ಕಾ ಎಂಬ ಬಿಳಿಹಾಯಿಯ ದೋಣಿಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮಗಳಂಥ ಕ್ಷೇತ್ರಗಳೆಲ್ಲ ನದಿಯ ದಂಡೆಯಲ್ಲಿಯೇ ಇರುವ ಬಾಗಲಕೋಟೆ ಜಿಲ್ಲೆಯಲ್ಲಿ ಅಂಥ ಪದ್ಧತಿ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಸಹಜ. ಜನರಿಗೆ ದೋಣಿಯ ಅರಿವಿರಲಿಲ್ಲ ಎನ್ನುವಂತಿಲ್ಲ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯನವರು ತಮ್ಮ ಕಾಯಕವನ್ನೇ ಹೆಸರಾಗಿ ಹೊತ್ತು ನಿಂತಿದ್ದಾರೆ. ಕಾರಣವನ್ನು ಗಾಳಿಯಲ್ಲಿ ಮತ್ತು ನೀರಿನ ಹರಿವಿನಲ್ಲಿ ಹುಡುಕಬೇಕಾಗುತ್ತದೆ.

ಗಾಳಿ ಎತ್ತ, ನೀರು ಎತ್ತ

ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಅಲ್ಲಿ ವರ್ಷದ ಬಹುಭಾಗ ಗಾಳಿ ಬೀಸುವುದು ಉತ್ತರದಿಂದ ದಕ್ಷಿಣಕ್ಕೆ. ಹೀಗಾಗಿ ಹಾಯಿ ಎತ್ತಿದರೆ ದೋಣಿ ಹರಿವಿಗೆ ಎದುರಾಗಿ ಮೇಲಕ್ಕೆ ಸಾಗುತ್ತದೆ, ಹಾಯಿ ಇಳಿಸಿದರೆ ಹರಿವಿನೊಡನೆ ತಾನಾಗಿಯೇ ಕೆಳಕ್ಕೆ ಬರುತ್ತದೆ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ ದಕ್ಷಿಣದ ಪಯಣವನ್ನು ಸೂಚಿಸಲು ಹಾಯಿ ಬಿಚ್ಚಿದ ದೋಣಿಯನ್ನೂ ಉತ್ತರದ ಪಯಣವನ್ನು ಸೂಚಿಸಲು ಹಾಯಿಯಿಲ್ಲದ ದೋಣಿಯನ್ನೂ ಬರೆಯುತ್ತಿದ್ದರು. ಹೋಗಲು ಗಾಳಿ, ಮರಳಲು ನೀರು. ಅಲ್ಲಿನ ನಾವಿಕರಿಗೆ ನಿಸರ್ಗವೇ ಎರಡು ದಾರಿಯನ್ನೂ ತೆರೆದಿಟ್ಟಿತ್ತು.

ದಖ್ಖನಿನ ನದಿಗಳ ಲೆಕ್ಕ ಇದಕ್ಕೆ ವಿರುದ್ಧವಾದುದು. ಕೃಷ್ಣಾ, ಘಟಪ್ರಭಾ, ಮಲಪ್ರಭಾಗಳು ಪಶ್ಚಿಮಘಟ್ಟದಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತವೆ. ಈ ನದಿಗಳಲ್ಲಿ ನೀರು ತುಂಬುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದೇ ಕಾಲದಲ್ಲಿ ಮುಂಗಾರಿನ ಗಾಳಿಯೂ ಪಶ್ಚಿಮದಿಂದಲೇ ಬೀಸುತ್ತದೆ. ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳ ಸಾಲು ನಿಂತಿರುವುದು ಈ ಗಾಳಿಯ ಬಲಕ್ಕೆ ಸಾಕ್ಷಿ. ನೀರು ಮತ್ತು ಗಾಳಿ ಎರಡೂ ಒಂದೇ ದಿಕ್ಕಿಗೆ ಓಡಿದಾಗ ಹಾಯಿ ಎತ್ತಿದ ದೋಣಿ ಕ್ಷಣದಲ್ಲಿ ಕೆಳಗಿನ ಊರನ್ನು ಸೇರೀತು. ಮರಳಿ ಬರುವ ದಾರಿ ಮಾತ್ರ ಇಲ್ಲ. ಗಾಳಿಯ ದಿಕ್ಕು ಬದಲಾಗಿ ಪೂರ್ವದಿಂದ ಬೀಸತೊಡಗುವ ಹಿಂಗಾರಿನ ನಂತರ ನದಿಯ ಹರಿವೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಅಣೆಕಟ್ಟುಗಳಿಲ್ಲದ ಕಾಲಕ್ಕೆ ಉಳಿಯುತ್ತಿದ್ದುದು ಮರಳು, ಬಂಡೆ ಮತ್ತು ಅಲ್ಲಲ್ಲಿ ಮಡು.

ಇಂಥ ನದಿಗೆ ಹೊಂದುವ ವಾಹನವನ್ನು ಇಲ್ಲಿನ ಜನ ತಾವೇ ಕಂಡುಕೊಂಡಿದ್ದರು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲು ಹಗುರ. ಬಂಡೆಗೆ ತಾಗಿದರೆ ಸೀಳುವುದಿಲ್ಲ, ಜಾರಿಕೊಳ್ಳುತ್ತದೆ. ಹರಿವಿನೊಡನೆ ಕೆಳಕ್ಕೆ ತೇಲಿದ ಮೇಲೆ ಅಂಬಿಗ ಅದನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದುಬರಬಲ್ಲ. ಸುಮಾರು 1520ರ ವೇಳೆಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್, ಹದಿನೈದಿಪ್ಪತ್ತು ಜನರನ್ನು ಹೊರಬಲ್ಲ ಈ ದುಂಡು ದೋಣಿಗಳನ್ನು ಕಂಡು ಬೆರಗಾಗಿ ದಾಖಲಿಸಿದ್ದಾನೆ. ಅವು ಸಾಗುವಾಗ ಸದಾ ಸುತ್ತುತ್ತಿದ್ದವೆಂಬುದನ್ನೂ ಅವನು ಬಿಟ್ಟಿಲ್ಲ. ಇಂದಿಗೂ ಹಂಪಿಯ ತುಂಗಭದ್ರೆಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವುದು ಇದೇ ಹರಿಗೋಲು, ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರಿನ ಲೇಪ ಬಂದಿದೆ ಅಷ್ಟೆ.

ಆದರೆ ಹರಿಗೋಲಿಗೆ ಹಾಯಿ ಕಟ್ಟಿ ಊರು ತೋರಿಸುವಂತಿಲ್ಲ. ಹಾಯಿದೋಣಿಯೆಂದರೆ ಗಾಳಿ ತಳ್ಳಿದತ್ತ ಹೋಗುವ ದೋಣಿ ಎಂಬ ಭಾವನೆ ಅನೇಕರಲ್ಲಿದೆ. ಅದು ಅರ್ಧ ಸತ್ಯ ಮಾತ್ರ. ಗಾಳಿ ಅಡ್ಡದಿಂದ ಬಂದಾಗ ಬಾಗಿದ ಹಾಯಿ ಹಕ್ಕಿಯ ರೆಕ್ಕೆಯಂತೆ ವರ್ತಿಸುತ್ತದೆ. ಹಾಯಿಯ ಒಂದು ಮಗ್ಗುಲಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ದೋಣಿ ಆ ಕಡೆಗೆ ಸೆಳೆಯಲ್ಪಡುತ್ತದೆ. ಈ ಸೆಳೆತದ ಹೆಚ್ಚಿನ ಪಾಲು ದೋಣಿಯನ್ನು ಪಕ್ಕಕ್ಕೆ ಎಳೆಯುವಂಥದು. ಅದನ್ನು ತಡೆಯುವುದು ದೋಣಿಯ ತಳದಿಂದ ನೀರಿನೊಳಕ್ಕೆ ಇಳಿಬಿಟ್ಟ ಹಲಗೆ. ಪಕ್ಕಕ್ಕೆ ಜಾರಲಾಗದ ದೋಣಿ ಮುಂದಕ್ಕೆ ನುಗ್ಗುತ್ತದೆ. ನೇರ ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ಸಾಗಲಾರದು. ಗಾಳಿಗೆ ಸುಮಾರು 45 ಡಿಗ್ರಿಯಷ್ಟು ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಸಾಗುತ್ತ ಎದುರುಗಾಳಿಯಲ್ಲಿಯೂ ಗುರಿ ಮುಟ್ಟಬಲ್ಲದು. ಇದಕ್ಕೆ ಅಗಲವಾದ ನೀರು ಬೇಕು, ಹಲಗೆ ಮುಳುಗುವಷ್ಟು ಆಳ ಬೇಕು, ಚುಕ್ಕಾಣಿ ಬೇಕು. ದುಂಡಗಿನ, ಚಪ್ಪಟೆ ತಳದ ಹರಿಗೋಲಿಗೆ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂಬುದೇ ಇಲ್ಲ.

ಕರಾವಳಿಯ ಕಥೆ ಬೇರೆ

ಕರ್ನಾಟಕದಲ್ಲಿ ಹಾಯಿಯ ಸಂಪ್ರದಾಯವೇ ಇಲ್ಲವೆಂದಲ್ಲ. ಅದು ಘಟ್ಟದ ಕೆಳಗೆ ಉಳಿಯಿತು. ಕಾಳಿ, ಶರಾವತಿ, ನೇತ್ರಾವತಿ, ಗುರುಪುರ ನದಿಗಳು ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತವೆ. ಮಧ್ಯಾಹ್ನದ ಕಡಲಗಾಳಿ ಪೂರ್ವಕ್ಕೆ, ಅಂದರೆ ಹರಿವಿಗೆ ಎದುರಾಗಿ ಬೀಸುತ್ತದೆ. ರಾತ್ರಿ ನೆಲದ ಕಡೆಯಿಂದ ಸಮುದ್ರದತ್ತ ಬೀಸುವ ಗಾಳಿಯೂ ಭರತ-ಇಳಿತಗಳೂ ಸೇರಿದರೆ ನೈಲ್ ನದಿಯ ಸೌಕರ್ಯವೇ ಇಲ್ಲಿ ಕಿರಿದಾಗಿ ದೊರೆತಂತೆ. ಮಂಗಳೂರಿನ ಹಳೆಯ ಬಂದರು ಗುರುಪುರ ನದಿಯ ದಂಡೆಯಲ್ಲಿ ಬೆಳೆದುದಕ್ಕೆ ಇದೂ ಒಂದು ಕಾರಣವೆನ್ನಬಹುದು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಮಂಗಳೂರು ಹೆಂಚುಗಳನ್ನು ಪತ್ತೇಮಾರಿಗಳೆಂಬ ದೊಡ್ಡ ಹಾಯಿಹಡಗುಗಳು ಮುಂಬಯಿ ಮೊದಲಾದ ಬಂದರುಗಳಿಗೆ ಒಯ್ಯುತ್ತಿದ್ದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಂತ್ರಗಳು ಬಂದು ಹಾಯಿಗಳು ಮಡಿಸಲ್ಪಟ್ಟವು. ಇಂದು ಕರಾವಳಿಯ ಅಳಿವೆಗಳಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವುದು ಬಹುಪಾಲು ಯಂತ್ರದೋಣಿಗಳೇ.

ಹಿನ್ನೀರು ಬದಲಿಸಿದ ಲೆಕ್ಕ

ಬಯಲುಸೀಮೆಯ ನದಿಗಳ ಈ ಹಳೆಯ ಲೆಕ್ಕವನ್ನು ಅಣೆಕಟ್ಟು ಬದಲಿಸಿತು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಯೋಜನೆಯಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ಸುಮಾರು 123 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಕೃಷ್ಣೆಯನ್ನು ಸೇರಬೇಕಾದ ಘಟಪ್ರಭೆ ತಾನೇ ಹಿಂದಕ್ಕೆ ತುಂಬಿಕೊಂಡು ಬಾಗಲಕೋಟೆಯ ಹಳೆಯ ನಗರದ ಕೆಳಭಾಗಗಳನ್ನು ಆವರಿಸಿತು. ಹರಿವಿಲ್ಲದ, ಅಗಲವಾದ, ಆಳವಾದ ನೀರು: ಹಾಯಿದೋಣಿಗೆ ಬೇಕಾದ ಮೂರೂ ಒಂದೇ ಕಡೆ ಒದಗಿವೆ. ಹರಿವಿಲ್ಲವೆಂದ ಮೇಲೆ ಗಾಳಿ ಎತ್ತಣಿಂದ ಬೀಸಿದರೂ ಚಿಂತೆಯಿಲ್ಲ. ಅಡ್ಡಗಾಳಿಯಲ್ಲಿ ಹೋಗಿ ಅಡ್ಡಗಾಳಿಯಲ್ಲಿಯೇ ಮರಳಬಹುದು.

ಕಾಲದ ಆಯ್ಕೆ ಮಾತ್ರ ಎಚ್ಚರದಿಂದ ಆಗಬೇಕು. ಮುಂಗಾರಿನ ತಿಂಗಳುಗಳಲ್ಲಿ ಜಲಾಶಯ ತುಂಬುತ್ತಿದ್ದರೂ ಗಾಳಿ ಬಿರುಸು, ಮೇಲಿನಿಂದ ಬರುವ ಪ್ರವಾಹವನ್ನು ನಂಬುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳವರೆಗೆ ಬಂದುದನ್ನು ಜನ ಮರೆತಿಲ್ಲ. ಬೇಸಿಗೆಯ ಹೊತ್ತಿಗೆ ನೀರು ಹತ್ತಾರು ಅಡಿ ಇಳಿದು ದಂಡೆಯಲ್ಲಿ ಕೆಸರಿನ ಬಯಲು ಹರಡುತ್ತದೆ. ಜಲಾಶಯ ತುಂಬಿರುವ, ಗಾಳಿ ಮೆಲುವಾಗಿರುವ ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಅವಧಿಯೇ ಇದಕ್ಕೆ ತಕ್ಕುದು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಪ್ರವಾಸಿಗರು ಹೆಚ್ಚಾಗಿ ಬರುವುದೂ ಇದೇ ಕಾಲದಲ್ಲಿ. ಚಳಿಗಾಲದಲ್ಲಿ ಹೆರಕಲ್, ಅನಗವಾಡಿ ಭಾಗದ ಹಿನ್ನೀರಿಗೆ ರಾಜಹಂಸ, ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಯಂತ್ರದ ಸದ್ದಿಲ್ಲದ, ನೀರಿಗೆ ಎಣ್ಣೆ ಸುರಿಸದ ದೋಣಿ ಹಕ್ಕಿಗಳಿಗೂ ಈ ನೀರನ್ನೇ ಕುಡಿಯುವ ಊರುಗಳಿಗೂ ಹಿತವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಹಕ್ಕಿಗಳು ತಂಗುವ ತೀರಕ್ಕೆ ದೋಣಿ ಸಮೀಪಿಸಿದರೆ ಹಾಯಿಯ ನೆರಳೇ ಅವನ್ನು ಎಬ್ಬಿಸಲು ಸಾಕು. ದೂರದ ಗಡಿಯನ್ನು ಮೊದಲೇ ಗೊತ್ತುಪಡಿಸಬೇಕು.

ಇಷ್ಟೆಲ್ಲ ಅನುಕೂಲಗಳ ನಡುವೆ ಒಂದು ಮಾತನ್ನು ಮರೆಯುವಂತಿಲ್ಲ. ಈ ನೀರಿನ ಕೆಳಗೆ ಜನರ ಮನೆಗಳಿವೆ, ಹೊಲಗಳಿವೆ. ನವನಗರಕ್ಕೆ ಸ್ಥಳಾಂತರಗೊಂಡ ಕುಟುಂಬಗಳ ಹಿರಿಯರಿಗೆ ಇದು ಸರೋವರವಲ್ಲ, ಮುಳುಗಡೆ. ‘ಮುಳುಗಡೆ ಸಂತ್ರಸ್ತ’ ಎಂಬ ಪದ ಈ ಜಿಲ್ಲೆಯಲ್ಲಿ ಸರಕಾರಿ ಕಡತದಿಂದ ಇಳಿದು ಮನೆಮಾತಾಗಿದೆ. ಅವರ ಮನೆಯ ಮೇಲೆ ತೇಲುವ ದೋಣಿಯಲ್ಲಿ ಹೊರಗಿನವರು ಟಿಕೆಟ್ ಹರಿದು ಹಣ ಮಾಡುವುದು ಗಾಯಕ್ಕೆ ಉಪ್ಪು ಸವರಿದಂತೆ. ದೋಣಿ ನಡೆಸುವ ಪರವಾನಗಿ, ಚುಕ್ಕಾಣಿ ಹಿಡಿಯುವ ಕೆಲಸ, ದಂಡೆಯ ಅಂಗಡಿ ಇವೆಲ್ಲ ಮೊದಲು ಸಲ್ಲಬೇಕಾದುದು ಮುಳುಗಡೆಯ ಕುಟುಂಬಗಳಿಗೆ ಮತ್ತು ನೀರಿನ ಬೆನ್ನು ಬಲ್ಲ ಅಂಬಿಗ, ಮೀನುಗಾರ ಕುಟುಂಬಗಳಿಗೆ. ಬಲೆ ಎಲ್ಲಿ ಹಾಸಿದೆ, ಯಾವ ಮೂಲೆಯಲ್ಲಿ ಗಾಳಿ ತಿರುಗುತ್ತದೆ ಎಂಬುದನ್ನು ಅವರಿಗಿಂತ ಬಲ್ಲವರಿಲ್ಲ.

ಮುಳುಗಿದ ಗೋಡೆಗಳು, ಮರದ ಬೊಡ್ಡೆಗಳು, ಬಾವಿಯ ಕಟ್ಟೆಗಳು ದೋಣಿಗೆ ನೇರ ಅಪಾಯವೂ ಹೌದು. ತಳದ ಹಲಗೆ ಒಂದು ಗೋಡೆಯ ತುದಿಗೆ ತಾಗಿದರೆ ದೋಣಿ ಮಗುಚಬಹುದು. ಹಲಗೆಯನ್ನು ಬೇಕೆಂದಾಗ ಮೇಲಕ್ಕೆತ್ತಬಹುದಾದ ಸಣ್ಣ ದೋಣಿಗಳು ಇಲ್ಲಿ ಹೊಂದುತ್ತವೆ. ನೀರಿನಾಳಕ್ಕೆ ಭಾರವಾದ ತಳವುಳ್ಳ ದೊಡ್ಡ ದೋಣಿಗಳು ಸಲ್ಲವು. ಜೆಟ್ಟಿಯ ವಿಷಯದಲ್ಲಿಯೂ ತೊಡಕಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅವಕಾಶ ನೀಡಿದೆ. ಆ ಮಟ್ಟ ಜಾರಿಗೆ ಬಂದ ದಿನ ಇಂದಿನ ದಂಡೆಯ ಮೇಲೆ ಇನ್ನೂ ನಾಲ್ಕೂವರೆ ಮೀಟರಿಗಿಂತ ಹೆಚ್ಚು ನೀರು ನಿಲ್ಲುತ್ತದೆ. ಕಲ್ಲು-ಕಾಂಕ್ರೀಟಿನ ಜೆಟ್ಟಿ ಕಟ್ಟಿದರೆ ಅದೂ ಮುಳುಗಡೆಯ ಪಟ್ಟಿಗೆ ಸೇರೀತು. ನೀರಿನೊಡನೆ ಏರಿಳಿಯುವ ತೇಲುಜೆಟ್ಟಿಯೇ ಇಲ್ಲಿ ಸೂಕ್ತ.

ಸುರಕ್ಷತೆಯ ಬಗ್ಗೆ ರಾಜ್ಯ ಕಲಿತ ಪಾಠ ಕಹಿಯಾದುದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯ ವೇಳೆ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. 1917ರ ಒಳನಾಡು ಹಡಗುಗಳ ಕಾಯ್ದೆ ಯಂತ್ರದಿಂದ ನಡೆಯುವ ದೋಣಿಗಳಿಗೆ ಸೀಮಿತವಾಗಿತ್ತು. ಅದರ ಜಾಗಕ್ಕೆ ಬಂದ 2021ರ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ನಿಯಮದ ವ್ಯಾಪ್ತಿಗೆ ತಂದಿದೆ. ಹಾಯಿದೋಣಿಯಲ್ಲಿ ಜನಸಂಖ್ಯೆಯ ಮಿತಿಗೆ ಇನ್ನೊಂದು ಕಾರಣವೂ ಇದೆ: ದೋಣಿ ಗಾಳಿಗೆ ಒಂದು ಮಗ್ಗುಲಿಗೆ ವಾಲಿದಾಗ ಕುಳಿತವರು ಎದುರು ಮಗ್ಗುಲಿಗೆ ಸರಿದು ಸಮತೋಲ ಕಾಯಬೇಕಾಗುತ್ತದೆ. ಇಕ್ಕಟ್ಟಿನಲ್ಲಿ ಅದು ಸಾಧ್ಯವಿಲ್ಲ. ಹತ್ತುವ ಮೊದಲೇ ಎಲ್ಲರಿಗೂ ಲೈಫ್ ಜಾಕೆಟ್, ಸದಾ ಸಿದ್ಧವಾಗಿ ನಿಂತ ಒಂದು ಯಂತ್ರದ ರಕ್ಷಣಾ ದೋಣಿ, ಗಾಳಿ ಬಿರುಸಾದ ಕೂಡಲೇ ಸಂಚಾರ ನಿಲ್ಲಿಸುವ ಅಧಿಕಾರವುಳ್ಳ ಒಬ್ಬ ವ್ಯಕ್ತಿ, ಇಷ್ಟಿಲ್ಲದೆ ಆರಂಭಿಸುವುದಕ್ಕಿಂತ ಆರಂಭಿಸದಿರುವುದೇ ಮೇಲು.

ತರಬೇತಿಗೆ ದೂರದ ದೇಶಗಳತ್ತ ನೋಡಬೇಕಾಗಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಾಯಿದೋಣಿಯ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಭಾರತೀಯ ಸೇನೆಯ ಎಂಜಿನಿಯರುಗಳು ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ 1985ರಿಂದ 1987ರ ನಡುವೆ ಜಗತ್ತನ್ನೇ ಸುತ್ತಿ ಬಂದದ್ದು ದಾಖಲೆಯಾಗಿ ಉಳಿದಿದೆ.

ಘಟಪ್ರಭೆಯ ಮೇಲೆ ಹಾಯಿ ಬಿಚ್ಚುವ ಮೊದಲು ಆಗಬೇಕಾದ ಕೆಲಸ ಮೇ ತಿಂಗಳಿನದು. ನೀರು ಇಳಿದು ಹಳೆಯ ನಗರದ ಗೋಡೆ, ಬೊಡ್ಡೆಗಳು ಹೊರಗೆ ಇಣುಕುವ ಆ ಕೆಲವು ವಾರಗಳಲ್ಲಿ ಅವನ್ನು ಅಳೆದು, ನಕ್ಷೆ ಬರೆದು, ದೋಣಿಯ ದಾರಿಗೆ ಗುರುತಿನ ಕಂಬ ನೆಡಬಹುದು. ಮುಂಗಾರು ಹಿಡಿದು ಜಲಾಶಯ ತುಂಬತೊಡಗಿದ ಮೇಲೆ ಮತ್ತೊಂದು ಬೇಸಿಗೆಯವರೆಗೆ ಕಾಯಬೇಕಾಗುತ್ತದೆ.